ಲಕ್ಷ್ಯ ನಿಲ್ಲದ ಮಗು ಮೈಗಳ್ಳನಲ್ಲ

"ಲಕ್ಷ್ಯನ ಇಲ್ಲ ನೋಡ್ರಿ, ಬರೇ ಮೈಗಳ್ಳತನ." ಬೆಟಗೇರಿಯ ನೇಕಾರರ ಓಣಿಯಿರಲಿ, ಮುಂಡರಗಿಯ ಹಳ್ಳಿಯಿರಲಿ, ಪಾಠದಲ್ಲಿ ಮನಸ್ಸು ನಿಲ್ಲದ ಮಗುವಿಗೆ ಸಿಗುವ ಬಿರುದು ಇದು. ಅದೇ ಮಗು ಯಾರೂ ಇಲ್ಲದ ಮೂಲೆಯತ್ತ ಮಾತಾಡತೊಡಗಿದರೆ ತೀರ್ಪು ಬದಲಾಗುತ್ತದೆ: "ಗಾಳಿ ಸೋಕೈತಿ."

ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವ ಮಗುವಿನ ವಿಷಯದಲ್ಲಿ ಈ ಎರಡೂ ತಪ್ಪು.

ಜೋಳದ ರಾಶಿ ತೂರುವುದನ್ನು ನೆನಪಿಸಿಕೊಳ್ಳಿ. ಗಾಳಿಗೆ ಹೊಟ್ಟು ಹಾರಬೇಕು, ಕಾಳು ಉಳಿಯಬೇಕು. ನಮ್ಮ ಮಿದುಳೂ ಎಚ್ಚರವಿರುವಷ್ಟು ಹೊತ್ತು ಹೀಗೇ ತೂರುತ್ತಿರುತ್ತದೆ. ಫ್ಯಾನಿನ ಸದ್ದು, ಬೀದಿಯ ಹಾರ್ನ್ ಹಾರಿಹೋಗಿ ಗುರುಗಳ ಮಾತು ಉಳಿಯುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಈ ತೂರುವ ಕೆಲಸವೇ ಕೆಡುತ್ತದೆ. ಎಲ್ಲ ಸದ್ದೂ ಒಂದೇ ತೂಕದಲ್ಲಿ ಒಳನುಗ್ಗುತ್ತವೆ. ಇದನ್ನು ಅಳೆದೂ ನೋಡಿದ್ದಾರೆ. ಕಾಯುತ್ತಿದ್ದ ಸದ್ದು ಕೇಳಿದಾಗ, ಸೆಕೆಂಡಿನ ಮೂರನೇ ಒಂದು ಭಾಗದಷ್ಟರಲ್ಲೇ ಮಿದುಳಿನಲ್ಲಿ ಒಂದು ವಿದ್ಯುತ್ ಅಲೆ ಏಳುತ್ತದೆ. ಈ ಕಾಯಿಲೆಯವರಲ್ಲಿ ಆ ಅಲೆ ಸಾಮಾನ್ಯವಾಗಿ ಚಿಕ್ಕದು. ಕೇಳಿದ್ದನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ಮುಂಮಿದುಳಿನ ಕೆಲಸವೂ ಏರುಪೇರಾಗುತ್ತದೆ. ಇಂಥ ಮಗುವನ್ನು ಬಡಿದು ಏನು ಬಂತು?

ಹಾಗೆಂದು ಲಕ್ಷ್ಯವಿಲ್ಲದ ಮಕ್ಕಳಿಗೆಲ್ಲ ಈ ಕಾಯಿಲೆ ಎಂದು ಗಾಬರಿಯಾಗಬೇಡಿ. 13 ವರ್ಷದೊಳಗೆ ಇದು ಶುರುವಾಗುವುದು ತೀರ ಅಪರೂಪ; ಸುಮಾರು 40,000 ಮಕ್ಕಳಲ್ಲಿ ಒಬ್ಬರಿಗೆ ಎಂಬುದು ಅಂದಾಜು. ಕಿವಿ ಮಂದ, ಕಣ್ಣು ಮಂಜು, ನಿದ್ದೆಗೇಡು, ಮೂರ್ಛೆರೋಗ, ಚಂಚಲತೆಯ ತೊಂದರೆಯಾದ ಎಡಿಎಚ್‌ಡಿ ಇವೇ ಹೆಚ್ಚಾಗಿ ಕಾರಣ. ಇಲ್ಲದ ದನಿ ಕೇಳುವುದು, ಕಾರಣವಿಲ್ಲದ ಅನುಮಾನ, ಮೊದಲು ಮಾಡುತ್ತಿದ್ದ ಸ್ನಾನ, ಓದು, ಆಟ ಒಂದೊಂದಾಗಿ ಬಿಟ್ಟುಹೋಗುವುದು ಕಂಡರೆ ಮಾತ್ರ ತಡ ಮಾಡಬಾರದು.

"ಸ್ಕ್ಯಾನ್ ನಾರ್ಮಲ್ ಬಂತು, ಏನೂ ಇಲ್ಲ ಬಿಡ್ರಿ" ಎನ್ನುವವರೂ ಇದ್ದಾರೆ. ಎಂಆರ್‌ಐ, ಇಇಜಿ ಮಾಡಿಸುವುದು ಗಡ್ಡೆ, ಮೂರ್ಛೆರೋಗ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ಸ್ಕಿಜೋಫ್ರೇನಿಯಾವನ್ನು ವೈದ್ಯರು ಗುರುತಿಸುವುದು ಮಗುವಿನ ಜೊತೆ, ಮನೆಯವರ ಜೊತೆ ಕೂತು ಮಾತಾಡಿಯೇ.

ತಾಯಿ ಸರಿಯಾಗಿ ಸಾಕಲಿಲ್ಲ ಎಂಬ ಮಾತಂತೂ ಕ್ರೂರ. ವಂಶವಾಹಿಗಳ ಪಾಲು ದೊಡ್ಡದಿರುವ ಕಾಯಿಲೆಯಿದು. ಯಾವ ತಾಯಿಯ ಸಾಕುವಿಕೆಯಿಂದಲೂ ಬಂದದ್ದಲ್ಲ.

ಮಾತ್ರೆ ತಗೊಂಡರೂ ಓದು ಹತ್ತಲಿಲ್ಲವೆಂದು ಹಲವರು ಔಷಧಿಯನ್ನೇ ನಿಲ್ಲಿಸುತ್ತಾರೆ. ನನ್ನ ಪ್ರಕಾರ ಎಲ್ಲಕ್ಕಿಂತ ದುಬಾರಿ ತಪ್ಪು ಇದೇ. ಮಾತ್ರೆಗಳು ದನಿಗಳನ್ನು, ಭಯವನ್ನು ತಗ್ಗಿಸುತ್ತವೆ. ಲಕ್ಷ್ಯ ಮತ್ತು ನೆನಪು ಅಷ್ಟು ಬೇಗ ಸುಧಾರಿಸುವುದಿಲ್ಲ. ಅದಕ್ಕೆ ಮುಂದಿನ ಬೆಂಚು, ಒಂದು ಸಲಕ್ಕೆ ಒಂದೇ ಕೆಲಸ, ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ಬೇಕು. ಶಿಕ್ಷಕರೇ, ಇದು ನಿಮ್ಮ ಕೈಯಲ್ಲಿದೆ.

ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ, ಲಕ್ಷ್ಮೇಶ್ವರದ ದರ್ಗಾಕ್ಕೆ ಹೋಗುವ ತಾಯಂದಿರನ್ನು ತಡೆಯಲಾರೆ. ಆ ನಂಬಿಕೆ ಅವರಿಗೆ ಆಸರೆಯಾಗಿದೆ. ಹೋಗಿ ಬನ್ನಿ, ಆದರೆ ಮಾತ್ರೆ ತಪ್ಪಿಸಬೇಡಿ. ಗದಗಿನ ಜಿಮ್ಸ್ ಆಸ್ಪತ್ರೆಗೆ, ಇಲ್ಲವೇ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಮಗುವನ್ನು ಕರೆದೊಯ್ಯಿರಿ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ತಾಸೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.