ಮ್ಯಾಡ್ರಿಡ್ ನಗರದ ಮುದಿ ಮೇಷ್ಟರು

ನಲ್ಲಿ ನೀರು ನಿಲ್ಲುವುದಿದ್ದರೆ, ಕಂದಾಯದ ಗಡುವು ಬಂದರೆ, ತಮಟೆಯವನು ಬಂದು ಡಂಗುರ ಸಾರುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರು ಬಲ್ಲರು. ಸ್ಪೇನ್ ದೇಶದಲ್ಲಿಯೂ ಅಂಥದೊಂದು ಪದ್ಧತಿಯುಂಟು. ಊರಿನ ಮೇಯರು ಪೌರರಿಗೆ ಹೊರಡಿಸುವ ಪ್ರಕಟಣೆಗೆ ಅಲ್ಲಿ ‘ಬಾಂಡೊ’ ಎಂದು ಹೆಸರು. ಸರಕಾರದ ಕಾಗದವನ್ನು ಯಾರು ತಾನೆ ನಿಂತು ಓದುತ್ತಾರೆ, ಎನ್ನುವಿರಿ. ಆದರೆ 1979ರಿಂದ 1986ರ ವರೆಗೆ ಮ್ಯಾಡ್ರಿಡ್ಡಿನ ಜನ ಓದಿದರು, ಓದಿ ನಕ್ಕರು. ಬರೆಯುತ್ತಿದ್ದವರು ಎನ್ರೀಕೆ ಟಿಯೆರ್ನೊ ಗಾಲ್ವಾನ್.

1918ರಲ್ಲಿ ಹುಟ್ಟಿದ ಇವರು ಸಲಮಾಂಕ ವಿಶ್ವವಿದ್ಯಾನಿಲಯದಲ್ಲಿ ಕಾನೂನಿನ ಪ್ರಾಧ್ಯಾಪಕರಾಗಿದ್ದರು. ವಿಟ್‌ಗೆನ್‌ಸ್ಟೈನ್ ಎಂಬ ತತ್ತ್ವಜ್ಞಾನಿಯ ಕಠಿಣ ಗ್ರಂಥವೊಂದನ್ನು 1957ರಲ್ಲಿ ಸ್ಪ್ಯಾನಿಷ್ ಭಾಷೆಗೆ ತಂದವರು. ವಿದ್ಯಾರ್ಥಿಗಳ ಪ್ರತಿಭಟನೆಯನ್ನು ಬೆಂಬಲಿಸಿದ್ದಕ್ಕಾಗಿ ಫ್ರಾಂಕೋ ಸರಕಾರ 1965ರಲ್ಲಿ ಅವರ ಕೆಲಸವನ್ನೇ ಕಿತ್ತುಕೊಂಡಿತು. ಫ್ರಾಂಕೋ 1975ರಲ್ಲಿ ತೀರಿಕೊಂಡ ಮೇಲೆ, 1977ರ ಚುನಾವಣೆಯಲ್ಲಿ ಮೇಷ್ಟರ ಪುಟ್ಟ ಸಮಾಜವಾದಿ ಪಕ್ಷಕ್ಕೆ 350 ಸ್ಥಾನಗಳಲ್ಲಿ ದಕ್ಕಿದ್ದು ಆರು, ಜೊತೆಗೆ ಮೈತುಂಬ ಸಾಲ. ಮರುವರ್ಷವೇ ಅದು ದೊಡ್ಡ ಸಮಾಜವಾದಿ ಪಕ್ಷದಲ್ಲಿ ಲೀನವಾಯಿತು. ದೇಶದ ರಾಜಕೀಯದಲ್ಲಿ ಅವರದೆಂದು ಉಳಿದದ್ದು ಒಂದು ಪುಟ: 1978ರ ಸಂವಿಧಾನದ ಪ್ರಸ್ತಾವನೆ ಬಹುಮಟ್ಟಿಗೆ ಅವರ ಬರಹ.

ಫ್ರಾಂಕೋ ಕಾಲದಲ್ಲಿ ಮ್ಯಾಡ್ರಿಡ್ಡಿನ ಮೇಯರನ್ನು ಸರಕಾರವೇ ನೇಮಿಸುತ್ತಿತ್ತು. 1979ರ ಏಪ್ರಿಲ್‌ನಲ್ಲಿ ಜನರೇ ನಗರಸಭೆಯನ್ನು ಚುನಾಯಿಸಿದಾಗ, 59 ಸ್ಥಾನಗಳಲ್ಲಿ ಆಳುವ ಮಧ್ಯಪಂಥದವರಿಗೆ 25, ಸಮಾಜವಾದಿಗಳಿಗೂ 25, ಕಮ್ಯುನಿಸ್ಟರಿಗೆ 9 ಬಂದವು. ಆ ಒಂಬತ್ತರ ಆಸರೆಯಿಂದ, ಅರವತ್ತೊಂದರ ಪ್ರಾಯದಲ್ಲಿ, ಮೇಷ್ಟರು ಮೇಯರಾದರು.

ನೋಡಿ, ಊರಿನ ಆಡಳಿತವೆಂದರೆ ಮುಖ್ಯವಾಗಿ ಚರಂಡಿ. ಮ್ಯಾಡ್ರಿಡ್ಡಿನ ಮಾಂಸನಾರೆಸ್ ಬಡಕಲು ಹೊಳೆ. ನಗರದ ಕೊಳೆನೀರೆಲ್ಲ ಅದರಲ್ಲಿಯೇ ಹರಿಯುತ್ತಿತ್ತು. ಶುದ್ಧೀಕರಣದ ಸ್ಥಾವರಗಳನ್ನು ಕಟ್ಟಿಸಿ, ಕೊನೆಗೆ ಹೊಳೆಯಲ್ಲಿ ಮೀನನ್ನೂ ಬಾತುಕೋಳಿಗಳನ್ನೂ ಬಿಡಿಸಿದರು. ಭೂಗತ ಕೊಳವೆಗಳನ್ನು ಯಾರೂ ಕಾಣರು, ಬಾತುಕೋಳಿಯನ್ನು ಮಗುವೂ ಕಾಣುತ್ತದೆ! ಅಟೋಚಾ ನಿಲ್ದಾಣದ ಮುಂದೆ 1968ರಲ್ಲಿ ಕಟ್ಟಿದ್ದ ಕುರೂಪಿ ಮೇಲ್ಸೇತುವೆಗೆ ಜನ ಆಟದ ಕಾರಿನ ಹಳಿಯ ಹೆಸರಿಟ್ಟಿದ್ದರು. 1985ರಲ್ಲಿ ಅದನ್ನು ಕೆಡವುವ ಕೆಲಸಕ್ಕೆ ಕೈಹಾಕಿದರು. ಫ್ರಾಂಕೋ ನಿಷೇಧಿಸಿದ್ದ ಕಾರ್ನಿವಲ್ ಹಬ್ಬ ಮತ್ತೆ ಬೀದಿಗೆ ಬಂತು.

ಇನ್ನು ಆ ಪ್ರಕಟಣೆಗಳು. ಬೀದಿಯ ಕಸ, ವಾಹನಗಳ ಗದ್ದಲ, 1982ರ ವಿಶ್ವ ಫುಟ್‌ಬಾಲ್ ಪಂದ್ಯಾವಳಿ, ಯಾವುದೇ ವಿಷಯವಿರಲಿ, ಅದನ್ನು ಶತಮಾನಗಳ ಹಿಂದಿನ ಗಂಭೀರ ಕ್ಯಾಸ್ಟಿಲಿಯನ್ ಶೈಲಿಯಲ್ಲಿ ಬರೆಯುವರು. ನಮ್ಮಲ್ಲಿ ಪೌರಾಧಿಕಾರಿಯೊಬ್ಬರು ಕಸದ ತೊಟ್ಟಿಯ ವಿಷಯವನ್ನು ಹಳೆಗನ್ನಡ ಗದ್ಯದಲ್ಲಿ ಸಾರಿದರೆ ಹೇಗಿದ್ದೀತು, ಊಹಿಸಿ. ಹಾಸ್ಯದ ಒಳಗೆ ಬುದ್ಧಿವಾದವಿತ್ತು, ಗದರಿಕೆಯಿರಲಿಲ್ಲ. ದಶಕಗಳ ಕಾಲ ಅಪ್ಪಣೆಗಳನ್ನೇ ಕೇಳಿದ್ದ ಜನರಿಗೆ ಈ ಮರ್ಯಾದೆ ಹೊಸದು.

ಎಲ್ಲವೂ ಚೊಕ್ಕವಾಗಿತ್ತೆಂದಲ್ಲ. ನಗರದ ಶುಚೀಕರಣದ ಗುತ್ತಿಗೆಯಲ್ಲಿ ಅವ್ಯವಹಾರವಿದೆಯೆಂದು ದೂರಿದ ಉಪಮೇಯರನ್ನೇ 1981ರಲ್ಲಿ ಪಕ್ಷ ಹೊರಹಾಕಿತು. ಮೇಷ್ಟರ ಅಭಿಮಾನಿಗಳು ಈ ಪ್ರಸಂಗವನ್ನು ಬೇಗನೆ ದಾಟಿಬಿಡುತ್ತಾರೆ, ದಾಟಬಾರದು. ಆದರೂ 1983ರಲ್ಲಿ ಜನ ಅವರ ಪಕ್ಷಕ್ಕೆ ಯಾರ ಆಸರೆಯೂ ಬೇಡವಾಗುವಷ್ಟು ಬಹುಮತ ಕೊಟ್ಟರು.

ಅಧಿಕಾರದಲ್ಲಿರುವಾಗಲೇ, 1986ರ ಜನವರಿ 19ರಂದು, ಅವರು ತೀರಿಕೊಂಡರು. ಹಳೆಯ ಕಾಲದ ಕುದುರೆ ಸಾರೋಟಿನಲ್ಲಿ ಶವಯಾತ್ರೆ ಹೊರಟಿತು. ಚಳಿಯಲ್ಲಿ ಬೀದಿಯ ಎರಡೂ ಬದಿಗೆ ಲಕ್ಷಾಂತರ ಜನ ನಿಂತಿದ್ದರು. ಆ ಪ್ರಕಟಣೆಗಳು ಅದೇ ವರ್ಷ ಪುಸ್ತಕವಾಗಿ ಬಂದವು.