ಹಲಸಿನ ಹಣ್ಣಿಗೆ ನಾಲ್ಕು ಗಾಲಿ

ಮರಳೂರಿನ ಕುಣಿಗಲ್ ರಸ್ತೆ ಕಡೆ ನನ್ನದೊಂದು ಲೇತ್ ಅಂಗಡಿ ಇದೆ. ಪಂಪಿನ ಶಾಫ್ಟು, ಟಿಲ್ಲರ್ ಬುಶ್ಶು, ಟ್ರೇಲರ್ ಪಿನ್ನು, ಇಪ್ಪತ್ತಾರು ವರ್ಷದಿಂದ ಇವೇ ಕೆಲಸ. ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದು ಹಲಸಿನ ಹಣ್ಣಿದೆ. ಎಂಟೂವರೆ ಅಡಿ ಉದ್ದ. ಒಳಗೆ ಇಬ್ಬರು ಕೂರಬಹುದು. ಕೀಲಿ ತಿರುಗಿಸಿದರೆ ಓಡುತ್ತದೆ.

ಈ ಹುಚ್ಚು ಹತ್ತಿದ್ದು ಹೈದರಾಬಾದಿನಲ್ಲಿ. ಅಲ್ಲಿನ ಬಹದ್ದೂರ್‌ಪುರದಲ್ಲಿ ಸುಧಾಕರ್ ಯಾದವ್ ಅವರು 2010ರಲ್ಲಿ ತೆರೆದ ಸುಧಾ ಕಾರ್ಸ್ ಮ್ಯೂಸಿಯಂ ಇದೆ. ಬೂಟಿನ ಕಾರು, ಕ್ರಿಕೆಟ್ ಚೆಂಡಿನ ಕಾರು, ಬದನೆಕಾಯಿ ಕಾರು, ಹೆಂಗಸರ ಕೈಚೀಲದ ಕಾರು. ಗುಜರಿ ಸಾಮಾನಿನಿಂದ ಕಟ್ಟಿದವು, ಬರೀ ಬೊಂಬೆಗಳಲ್ಲ, ಓಡುವಂಥವು. 2005ರಲ್ಲಿ 41 ಅಡಿ 7 ಇಂಚು ಎತ್ತರದ ಮೂರುಗಾಲಿ ಸೈಕಲ್ ಮಾಡಿ, ತಾವೇ ತುಳಿದು ಗಿನ್ನೆಸ್ ದಾಖಲೆ ಸೇರಿದವರು ಅವರು. ಜೊತೆಗೆ ಬಂದವರು ಫೋಟೊ ತೆಗೆಸಿಕೊಳ್ಳುತ್ತಿದ್ದರೆ ನಾನು ಬಗ್ಗಿ, ಆ ಕಾರುಗಳ ಮುಂದಿನ ಚಕ್ರ ಹೇಗೆ ಕೂರಿಸಿದ್ದಾರೆ ಅಂತ ನೋಡುತ್ತಿದ್ದೆ.

ಹೆಂಡತಿಯ ತವರು ಗುಬ್ಬಿ ತಾಲ್ಲೂಕಿನ ಚೇಳೂರು ಕಡೆ. ಕೆಂಪು ತೊಳೆಯ ‘ಸಿದ್ದು’ ಹಲಸು ಸಿಕ್ಕಿದ ಊರು ಅದು. ಹಾಗಾಗಿ ಆಕಾರದ ಬಗ್ಗೆ ಎರಡನೇ ಯೋಚನೆ ಬರಲಿಲ್ಲ.

ಮೊದಲು ಗುಜರಿಯಿಂದ ಒಂದು ಹಳೇ ಪ್ಯಾಸೆಂಜರ್ ಆಟೊ ತಂದೆ. ಬೈಕಿನ ಇಂಜಿನ್ ಅಗ್ಗವಾಗಿ ಸಿಗುತ್ತದೆ ನಿಜ, ಆದರೆ ಅದಕ್ಕೆ ರಿವರ್ಸ್ ಗೇರ್ ಇರುವುದಿಲ್ಲ. ಆಟೊದಲ್ಲಿ ರಿವರ್ಸೂ ಇದೆ, ಡಿಫರೆನ್ಷಿಯಲ್ಲೂ ಇದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಒಂದೇ ಇಂಜಿನ್ನಿನಿಂದ ಎರಡಕ್ಕೂ ಬೇರೆ ಬೇರೆ ವೇಗ ಹಂಚುವುದೇ ಡಿಫರೆನ್ಷಿಯಲ್ ಕೆಲಸ. ಹಿಂದಿನ ಭಾಗವನ್ನು ಹಾಗೇ ಉಳಿಸಿಕೊಂಡು, ಮುಂದಿನದನ್ನು ಕತ್ತರಿಸಿ, ಸ್ಕ್ವೇರ್ ಪೈಪಿನ ಫ್ರೇಮು ಬೆಸೆದೆ. ಮುಂದಕ್ಕೆ ಎರಡು ಆಟೊ ಚಕ್ರ, ಮಾರುತಿ 800ರ ಸ್ಟೇರಿಂಗ್ ರ್‍ಯಾಕು.

ಎಡವಿದ್ದು ಇಲ್ಲೇ. ಚಕ್ರ ತಿರುಗಿಸುವ ತೋಳುಗಳನ್ನು ನೇರವಾಗಿ, ಒಂದಕ್ಕೊಂದು ಸಮನಾಗಿ ಮಾಡಿಬಿಟ್ಟಿದ್ದೆ. ನೇರ ಹೋಗುವಾಗ ಚೆನ್ನಾಗಿತ್ತು. ತಿರುಗಿಸಿದರೆ ಮುಂದಿನ ಟೈರು ಉಜ್ಜಿ ಮಣ್ಣು ಕಿತ್ತು ಹಾಕುತ್ತಿತ್ತು. ಟೈರು ಸರಿಯಿಲ್ಲ ಅಂದುಕೊಂಡು ಎರಡು ವಾರ ಅದರ ಹಿಂದೆ ಬಿದ್ದೆ.

ನಮ್ಮ ಮರಳೂರಿನಲ್ಲಿ ಸಿದ್ಧಾರ್ಥ ಇಂಜಿನಿಯರಿಂಗ್ ಕಾಲೇಜಿದೆ. ಪ್ರಾಜೆಕ್ಟ್ ಕೆಲಸಕ್ಕೆ ಬಂದಿದ್ದ ಹುಡುಗನೊಬ್ಬ ಸ್ವಲ್ಪ ಹೊತ್ತು ಸುತ್ತ ನೋಡಿ, “ಅಣ್ಣ, ನಿಮ್ಮ ಎರಡು ಚಕ್ರಾನೂ ಒಂದೇ ಸಮ ತಿರುಗ್ತಾ ಇವೆ, ಅದಕ್ಕೇ ಉಜ್ಜೋದು” ಅಂದ. ಸೀಮೆಸುಣ್ಣ ತಗೊಂಡು ನೆಲದ ಮೇಲೆ ಬರೆದು ತೋರಿಸಿದ. ಒಳಗಿನ ಚಕ್ರ ಸಣ್ಣ ವೃತ್ತದಲ್ಲಿ ಹೋಗುತ್ತದೆ, ಅದು ಹೆಚ್ಚು ತಿರುಗಬೇಕು. ಎರಡೂ ತೋಳುಗಳನ್ನು ಒಳಮುಖವಾಗಿ ಓರೆ ಮಾಡಿ, ಅವುಗಳ ಗೆರೆ ಎಳೆದರೆ ಹಿಂದಿನ ಆಕ್ಸಲಿನ ನಡುವೆ ಕೂಡಬೇಕು. ಮ್ಯೂನಿಕ್ಕಿನ ಲ್ಯಾಂಕೆನ್ಸ್‌ಪರ್ಗರ್ ಎಂಬ ಸಾರೋಟು ಮಾಡುವವನು ಚಕ್ರಗಳನ್ನು ಹೀಗೆ ತಿರುಗಿಸುವ ಉಪಾಯ ಕಂಡುಕೊಂಡ. ಅವನ ಪರವಾಗಿ ರುಡಾಲ್ಫ್ ಆಕರ್‌ಮನ್ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಮಾಡಿಸಿದ. ಕಾರು ಹುಟ್ಟುವ ಮೊದಲೇ, ಕುದುರೆ ಗಾಡಿಗೆ! ತೋಳುಗಳನ್ನು ಕತ್ತರಿಸಿ ಮತ್ತೆ ಬೆಸೆದೆ. ಅಂದಿನಿಂದ ಗಾಡಿ ಬೆಣ್ಣೆಯಂತೆ ತಿರುಗುತ್ತದೆ.

ಬ್ರೇಕಿನ ಕೆಲಸ ಒಬ್ಬರಿಂದ ಆಗುವುದಲ್ಲ. ಎಣ್ಣೆಯ ಪೈಪಿನಲ್ಲಿ ಒಂದು ಗುಳ್ಳೆ ಗಾಳಿ ಉಳಿದರೂ ಪೆಡಲ್ ಸ್ಪಂಜಿನಂತೆ ಕುಗ್ಗುತ್ತದೆ, ಚಕ್ರ ನಿಲ್ಲುವುದಿಲ್ಲ. ಎಣ್ಣೆಯನ್ನು ಒತ್ತಿ ಹಿಂಡಲಾಗದು, ಗಾಳಿಯನ್ನು ಹಿಂಡಬಹುದು, ಅದಕ್ಕೇ ಹೀಗೆ. ಹೆಂಡತಿ ಪೆಡಲ್ ಒತ್ತಿ ಹಿಡಿಯುವಳು, ನಾನು ಕೆಳಗೆ ಮಲಗಿ ನಿಪ್ಪಲ್ ಸಡಿಲಿಸಿ ಗಾಳಿ ಬಿಡುವೆ. “ಒತ್ತು... ಹಿಡ್ಕೋ... ಬಿಡು.” ನಾಲ್ಕೂ ಚಕ್ರಕ್ಕೆ ಒಂದು ಇಡೀ ಭಾನುವಾರ ಹಿಡಿಯಿತು. ಇಂಜಿನ್ ಸ್ಟಾರ್ಟ್ ಆದ ದಿನಕ್ಕಿಂತ ಆ ಪೆಡಲ್ ಗಟ್ಟಿಯಾದ ದಿನವೇ ನನಗೆ ಹೆಚ್ಚು ಸಂತೋಷವಾದದ್ದು.

ಹಲಸಿನ ಮೈ ಮಾಡಲು ಥರ್ಮೋಕೋಲ್ ಕೊರೆದು ಮೇಲೆ ಫೈಬರ್ ರೆಸಿನ್ ಬಳಿದೆ. ಕಣ್ಣೆದುರೇ ಥರ್ಮೋಕೋಲ್ ಕರಗಿ ಗುಂಡಿ ಬಿತ್ತು. ರೆಸಿನ್ನಿನಲ್ಲಿರುವ ಸ್ಟೈರೀನ್ ಅದನ್ನು ತಿಂದುಬಿಡುತ್ತದೆ. ಎರಡನೇ ಸಲ ಕಾಗದ ಅಂಟಿಸಿ, ಒಣಗಿಸಿ, ಆಮೇಲೆ ರೆಸಿನ್ ಹಚ್ಚಿದೆ. ಮುಳ್ಳುಗಳನ್ನು ಮಗಳು ಒಂದೊಂದಾಗಿ ಅಚ್ಚು ಹಾಕಿ ಅಂಟಿಸಿದಳು. ಬೇಸಿಗೆ ರಜೆ ಪೂರ್ತಿ ಅದೇ ಆಯಿತು.

ಇದನ್ನು ಬಿ.ಎಚ್. ರಸ್ತೆಗೆ ತರುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿಯಿತು. ಹೊಸ ಮಾದರಿ ರಸ್ತೆಗಿಳಿಯಬೇಕಾದರೆ ಪುಣೆಯ ಎಆರ್‌ಎಐನಂಥ ಸಂಸ್ಥೆಯ ಪರೀಕ್ಷೆ ಗೆಲ್ಲಬೇಕು. ಸಾಂಗ್ಲಿ ಜಿಲ್ಲೆಯ ದತ್ತಾತ್ರೇಯ ಲೋಹಾರ್ ಸುಮಾರು 60,000 ರೂಪಾಯಿಯಲ್ಲಿ ಕಟ್ಟಿದ, ಕಿಕ್ಕರ್ ಹೊಡೆದು ಚಾಲೂ ಮಾಡುವ ಪುಟ್ಟ ಜೀಪನ್ನು ಮೆಚ್ಚಿ ಆನಂದ್ ಮಹೀಂದ್ರ 2022ರಲ್ಲಿ ಬೊಲೆರೊ ಕೊಟ್ಟರಲ್ಲ, ಅವರೂ ಈ ಜೀಪು ನಿಯಮಕ್ಕೆ ಹೊಂದುವುದಿಲ್ಲ ಎಂದೇ ಹೇಳಿದ್ದರು. ಬೆಂಗಳೂರಿನ ಸೈಯದ್ ಸಜ್ಜನ್ ಅಹ್ಮದ್ 63ನೇ ವಯಸ್ಸಿನಲ್ಲಿ ತಾವೇ ಕಟ್ಟಿದ ಸೌರ ಕಾರಿನಲ್ಲಿ ದೆಹಲಿಯವರೆಗೆ ಹೋದದ್ದು 2015ರಲ್ಲಿ. ಅವರ ಧೈರ್ಯಕ್ಕೆ ಕೈ ಮುಗಿಯುತ್ತೇನೆ. ಆದರೂ ಈ ಕಾನೂನು ನನಗೆ ಸರಿ ಅನ್ನಿಸುತ್ತದೆ. ನಾನು ಬೆಸೆದ ಒಂದು ಕೀಲು ಬಿಟ್ಟುಕೊಂಡರೆ ಎದುರು ಬರುವ ಸ್ಕೂಟರಿನವನಿಗೆ ನಾನೇನು ಉತ್ತರ ಹೇಳಲಿ? ಕಟ್ಟುವ ಆಸೆಯಿರುವ ಹುಡುಗರಿಗೆ ನಾನು ಹೇಳುವುದಿಷ್ಟೇ: ತೋಟ ಹುಡುಕಿಕೊಳ್ಳಿ, ಹೆಲ್ಮೆಟ್ ಹಾಕಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಡಿ.

ನಮಗೆ ಚೇಳೂರಿನ ತೆಂಗಿನ ತೋಟ ಇತ್ತು. ಜೂನಿನಲ್ಲಿ ಲಗೇಜ್ ಗಾಡಿಯ ಮೇಲೆ ಹೇರಿಕೊಂಡು ಹೋಗಿ ಇಳಿಸಿದೆವು. ಸಾಲುಗಳ ನಡುವೆ ಇಪ್ಪತ್ತು ಕಿಲೋಮೀಟರ್ ವೇಗ, ಕೊನೆಯ ಮರದ ಹತ್ತಿರ ತಿರುವು, ಬಾವಿ ಕಟ್ಟೆಗೆ ಹತ್ತು ಮಾರು ಇರುವಾಗ ಬ್ರೇಕು. ನಿಂತಿತು.

ನಮ್ಮತ್ತೆ ಒಂದು ಸುತ್ತು ಬಂದರು. ಮರದಲ್ಲಿ ಹಣ್ಣು ನೋಡುವಾಗ ತಟ್ಟುವ ಹಾಗೆ ಬೆರಳ ಗೆಣ್ಣಿನಿಂದ ಎರಡು ಕಡೆ ತಟ್ಟಿ, ಕಿವಿಗೊಟ್ಟು ಕೇಳಿದರು.

“ಬಲ್ತೈತೆ ಬಿಡಿ” ಅಂದರು.

ಬಾಗಿಲು ತೆಗೆದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿ ಕೂತರು.