ಅಷ್ಟಭೋಗದಲ್ಲಿ ಸೇರದ ಡಿಶ್

ಕ್ರಯಪತ್ರದಲ್ಲಿ ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಎಲ್ಲಕ್ಕೂ ಜಾಗವಿತ್ತು. ಅಂಗಳದ ತೆಂಗು, ಹಿತ್ತಲ ಹಲಸು, ಬಾವಿ, ಬಚ್ಚಲು, ಯಾವುದನ್ನೂ ಪತ್ರಬರಹಗಾರರು ಬಿಟ್ಟಿರಲಿಲ್ಲ. ತಾರಸಿಯ ಮೇಲೆ 8 ಅಡಿ ಅಗಲದ ಡಿಶ್ಶೊಂದು ಆಕಾಶ ನೋಡಿಕೊಂಡು ಕೂತಿದೆ ಎಂಬುದು ಮಾತ್ರ ಯಾವ ಷೆಡ್ಯೂಲಿನಲ್ಲೂ ಇರಲಿಲ್ಲ. ಮನೆ ಕೊಂಡವರಿಗೆ ಅದು ಧರ್ಮಕ್ಕೆ ಬಂದದ್ದು.

ಮನೆ ತೀರ್ಥಹಳ್ಳಿ ಪೇಟೆ ದಾಟಿ ಆಗುಂಬೆ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಹಿಂದಿನ ಅರ್ಧ ಹೆಂಚು, ಮುಂದಿನ ಅರ್ಧ ಆರ್‌ಸಿಸಿ. ಆ ಆರ್‌ಸಿಸಿಯ ನಡುಮಧ್ಯದಲ್ಲಿ ನಾಲ್ಕು ಬೋಲ್ಟು, ಬೋಲ್ಟಿನ ಮೇಲೆ ಕಬ್ಬಿಣದ ತಗಡು, ತಗಡಿಗೆ ಬೆಸುಗೆ ಹಾಕಿದ ದಪ್ಪ ಪೈಪು, ಪೈಪಿನ ತಲೆಯ ಮೇಲೆ ಅಲ್ಯೂಮಿನಿಯಂ ಜಾಲರಿಯ ಬಟ್ಟಲು. ಹಲಸಿನ ತರಗೆಲೆ ಜಾಲರಿಗೆ ಕಚ್ಚಿಕೊಂಡು, ಕೊಳೆತು, ಅದರ ಮೇಲೆ ಪಾಚಿ ಬಂದು, ಪಾಚಿಯಲ್ಲಿ ಒಂದೆರಡು ಜರಿಗಿಡ ಕೂಡ ಎದ್ದಿದ್ದವು. ಇದು ಸಾಲದೆಂಬಂತೆ ಪ್ಯಾರಾಪೆಟ್ಟಿನ ಉದ್ದಕ್ಕೂ ಬೇರೆ ಬೇರೆ ಕಾಲದ ಸಣ್ಣ ಡಿಟಿಎಚ್ ತಟ್ಟೆಗಳು. ಒಂದಕ್ಕೆ ಕೈಯಿಲ್ಲ, ಇನ್ನೊಂದಕ್ಕೆ ಕಂಪನಿಯ ಹೆಸರು ಮಾಸಿ ಬರೀ ಬಣ್ಣದ ಗುರುತು ಉಳಿದಿದೆ. ಕಪ್ಪು ಕೇಬಲ್ಲುಗಳು ಗೋಡೆ ಇಳಿದು, ಕಿಟಕಿಯ ಚೌಕಟ್ಟಿಗೆ ತೂತು ಹೊಡೆದುಕೊಂಡು ಒಳಗೆ ಹೋಗಿ, ಅಲ್ಲಿ ಯಾವ ಟಿವಿಗೂ ಸೇರದೆ ನೇತಾಡುತ್ತಿದ್ದವು.

ನೋಡಲು ಚೆನ್ನಾಗಿಲ್ಲ ಎಂಬ ಕಾರಣಕ್ಕೆ ಯಾರೂ ಡಿಶ್ ತೆಗೆಸುವುದಿಲ್ಲ. ಚೆನ್ನಾಗಿಲ್ಲದ್ದನ್ನು ನಾವು ಬೇಕಾದಷ್ಟು ಇಟ್ಟುಕೊಂಡಿರುತ್ತೇವೆ. ತೆಗೆಸಬೇಕೆಂದು ಅನ್ನಿಸಿದ್ದು ಜಗಲಿಯ ಮಾಡು ನೋಡಿದಾಗ. ಬೋಲ್ಟುಗಳ ನೇರ ಕೆಳಗೆ ಸುಣ್ಣ ಹಪ್ಪಳಿಕೆಯೆದ್ದು, ಅಂಚು ಕಂದಾಗಿ, ಕಂಬಿಯ ತುಕ್ಕು ಹೊರಗೆ ಬಂದಿತ್ತು. ರೋಹಿಣಿ ಮಳೆ ಹಿಡಿಯುವ ಮುಂಚೆ ಆಗಬೇಕಾದ ಕೆಲಸ. ಮನೆ ಮಾರಿದವರಿಗೆ ಫೋನ್ ಮಾಡಿದೆವು. ದೊಡ್ಡದು ಅವರ ತಂದೆಯ ಕಾಲದ್ದು, ಸಣ್ಣವುಗಳ ಚಂದಾ ಯಾವಾಗಲೋ ನಿಂತಿದೆ, ಏನು ಬೇಕಾದರೂ ಮಾಡಿ ಎಂದರು. ಹೀಗೆ ಒಂದು ಮಾತು ಕೇಳಿಕೊಳ್ಳುವುದು ಒಳ್ಳೆಯದು. ಡಿಟಿಎಚ್ ಸಾಮಾನು ಕೆಲವು ಕಡೆ ಬಾಡಿಗೆಯದಾಗಿರುತ್ತದೆ.

ಮಲೆನಾಡಿಗೆ ಇಷ್ಟು ದೊಡ್ಡ ಡಿಶ್ ಯಾಕೆ ಬಂತು ಎಂಬುದಕ್ಕೆ ಗುಡ್ಡಗಳೇ ಕಾರಣ. ದೂರದರ್ಶನದ ಟವರಿಗೂ ಮನೆಗೂ ನಡುವೆ ಒಂದು ಗುಡ್ಡ ಅಡ್ಡ ನಿಂತರೆ ತೆರೆಯ ಮೇಲೆ ಬರೀ ಚುಕ್ಕಿ. ತೋಟದ ಮಧ್ಯೆ ಒಂಟಿ ಮನೆ, ಅಲ್ಲಿಂದ ಮುಂದಿನ ಮನೆಗೆ ಅರ್ಧ ಮೈಲಿ, ಅಂಥಲ್ಲಿಗೆ ಕೇಬಲ್ಲಿನವರು ತಂತಿ ಎಳೆಯುವುದಿಲ್ಲ. 1994ರಲ್ಲಿ ಉದಯ ಟಿವಿ ಶುರುವಾದ ಮೇಲೆ, ಅಡಿಕೆಗೆ ಒಳ್ಳೆಯ ಬೆಲೆ ಬಂದ ವರ್ಷ ನೋಡಿಕೊಂಡು, ಒಬ್ಬೊಬ್ಬರಾಗಿ ಡಿಶ್ ಹಾಕಿಸಿದರು. ಮೊದಲು ಹಾಕಿಸಿದವರ ಜಗಲಿಯಲ್ಲಿ ಕ್ರಿಕೆಟ್ಟಿನ ದಿನ ಕೂರಲು ಜಾಗ ಇರುತ್ತಿರಲಿಲ್ಲ. ಡಿಟಿಎಚ್ ಆಗಿನ್ನೂ ಬಂದಿರಲಿಲ್ಲ. 1997ರಲ್ಲಿ ಸರ್ಕಾರ ಅದನ್ನು ನಿಷೇಧಿಸಿ, 2000ದ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿಯವರೆಗೆ ಆಕಾಶದಿಂದ ನೇರ ಟಿವಿ ಬೇಕಾದರೆ ಇದೇ ದೊಡ್ಡ ಬಟ್ಟಲು.

ಡಿಶ್ ಇಳಿಸಲು ಬಂದವರು ಒಂದು ಕಾಲದಲ್ಲಿ ಈ ಸೀಮೆಯ ಮನೆಮನೆಗೂ ಡಿಶ್ ಕೂರಿಸಿದ ಮೆಕ್ಯಾನಿಕ್. ಈಗ ಸಿಸಿಟಿವಿ ಹಾಕುತ್ತಾರೆ. ತಾರಸಿ ಹತ್ತಿದವರೇ ಪೈಪಿನ ಮೇಲೆ ಕೈಯಿಟ್ಟು, "ಇದು ನಂದೇ ಕೂಸು ಸಾರ್. ಆವಾಗ ಏಣಿ ಇರ್ಲಿಲ್ಲ, ಹಲಸಿನ ಮರ ಹತ್ತಿ ಈಚೆ ಹಾರಿದ್ದೆ" ಎಂದರು. ನಂಬಿದರೂ ಸೈ, ಬಿಟ್ಟರೂ ಸೈ. ಕುಳ್ಳಗಿದ್ದರೂ ಗಟ್ಟಿ ಆಳು. ಜೊತೆಗೆ ಒಬ್ಬ ಹುಡುಗ, ಒಂದು ಸುರುಳಿ ಹಗ್ಗ, ತಗಡಿನ ಡಬ್ಬಿ ತುಂಬ ಸ್ಪ್ಯಾನರು.

ಮೊದಲು ಅವರು ಮಾಡಿದ್ದು ಬಿದಿರಿನ ಕೋಲಿನಿಂದ ಎಲ್‌ಎನ್‌ಬಿಗೆ ಎರಡು ಪೆಟ್ಟು ಕೊಟ್ಟು ದೂರ ನಿಂತದ್ದು. ಬಟ್ಟಲಿನ ನೆತ್ತಿಯ ಮೇಲೆ ಕಂಬಿಗಳ ನಡುವೆ ಕೂರಿಸಿರುವ ಆ ಕೊಳವೆ ಕಡಜಗಳಿಗೆ ಬಹಳ ಇಷ್ಟ. ಏನೂ ಹೊರಬರಲಿಲ್ಲ. ಬಿಚ್ಚಿ ನೋಡಿದರೆ ಒಳಗೆಲ್ಲ ಒಣಗಿದ ಮಣ್ಣಿನ ಗೂಡು. "ಹತ್ತು ವರ್ಷದಿಂದ ಇವ್ರೇ ಟಿವಿ ನೋಡ್ತಿದ್ದಿದ್ದು" ಎಂದು ನಕ್ಕರು.

ಕೆಳಗೆ ನಿಂತು ನೋಡುವವರಿಗೆ ಒಂದು ಅನುಮಾನ ಬರುತ್ತದೆ. ಇಷ್ಟು ತೂತಿರುವ ಜಾಲರಿ ಏನನ್ನು ಹಿಡಿಯುತ್ತದೆ? ದೊಡ್ಡ ಡಿಶ್ಶಿಗೆ ಬರುವ ಸಿ-ಬ್ಯಾಂಡ್ ಅಲೆಯ ಉದ್ದ ಸುಮಾರು 7.5 ಸೆಂಟಿಮೀಟರ್. ತೂತು ಅದರ ಹತ್ತನೇ ಒಂದಕ್ಕಿಂತ ಚಿಕ್ಕದಿದ್ದರೆ ಅಲೆಗೆ ಅದು ತೂತೇ ಅಲ್ಲ, ತುಂಬಿದ ಗೋಡೆ. ಗಾಳಿಗೆ, ಮಳೆಗೆ ಮಾತ್ರ ದಾರಿ. ಆಗುಂಬೆಯ ಮಳೆಗೆ ಇದಕ್ಕಿಂತ ಒಪ್ಪುವ ಏರ್ಪಾಡಿಲ್ಲ. ಸಣ್ಣ ತಟ್ಟೆಗಳ ಕೆಯು-ಬ್ಯಾಂಡ್ ಅಲೆ 2.5 ಸೆಂಟಿಮೀಟರಿನದು. ಅದಕ್ಕೆ ನುಣುಪಾದ ತಟ್ಟೆ ಬೇಕು, ಜೋರು ಮಳೆ ಬಂದರೆ ಚಿತ್ರ ಕೈಕೊಡುತ್ತದೆ. ಮಳೆಗಾಲದಲ್ಲಿ ಹಳೇ ಡಿಶ್ಶೇ ಚೆನ್ನಾಗಿತ್ತು ಎಂದು ಇಲ್ಲಿನ ಹಿರಿಯರು ಹೇಳುವುದು ಸುಮ್ಮನೆ ಹಳೆಯದರ ಮೋಹವಲ್ಲ.

ಇನ್ನೊಂದು ಸಂಗತಿ ತಾರಸಿಯ ಮೇಲೆ ನಿಂತರೇ ಗೊತ್ತಾಗುವುದು. ಲಂಡನ್ನಿನ ಮನೆಗಳ ಗೋಡೆಯಲ್ಲಿ ಡಿಶ್ ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ, ಅಲ್ಲಿಂದ ನೋಡಿದರೆ ಉಪಗ್ರಹ ದಿಗಂತದ ಹತ್ತಿರ. ನಾವು ಭೂಮಧ್ಯರೇಖೆಗೆ ಹತ್ತಿರದವರು. 83 ಡಿಗ್ರಿ ಪೂರ್ವದಲ್ಲಿ, 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹ ಮಲೆನಾಡಿಗೆ ಸುಮಾರು 70 ಡಿಗ್ರಿ ಮೇಲೆ ಕಾಣುತ್ತದೆ. ಹಾಗಾಗಿ ನಮ್ಮ ಡಿಶ್ಶು ಹಪ್ಪಳ ಒಣಹಾಕಿದ ಮೊರದಂತೆ ಅಂಗಾತ ಮಲಗಿರುತ್ತದೆ. ಎಲೆ, ಹಕ್ಕಿಯ ಹಿಕ್ಕೆ, ಪಕ್ಕದ ಮನೆಯ ಶಟಲ್ ಕಾಕ್ ಎಲ್ಲ ಅದಕ್ಕೇ.

ಬಟ್ಟಲು ಒಂದೇ ತುಂಡಲ್ಲ, ಎಸಳು ಎಸಳಾಗಿ ಜೋಡಿಸಿದ್ದು. ಒಂದು ಕಡೆಯಿಂದ ಬಿಚ್ಚುತ್ತಾ ಹೋದರೆ ಉಳಿದ ಭಾರ ಇನ್ನೊಂದು ಕಡೆಗೆ ವಾಲಿ ಮೈಮೇಲೆ ಬರುತ್ತದೆ. ಆದ್ದರಿಂದ ಒಂದು ಎಸಳು ಈಚೆಯದು, ಅದಕ್ಕೆ ಎದುರಿನದು ಆಮೇಲೆ. ಮೆಕ್ಯಾನಿಕ್ ಬಿಚ್ಚಿದರು, ಹುಡುಗ ಹಗ್ಗ ಕಟ್ಟಿದ, ಕೆಳಗೆ ನಿಂತವರು ಹಿಡಿದುಕೊಂಡರು. ಮಧ್ಯಾಹ್ನ ಗಾಳಿ ಎದ್ದಾಗ ಕೆಲಸ ನಿಲ್ಲಿಸಿದ್ದನ್ನು ನೋಡಿ ಅವರ ಮೇಲೆ ಗೌರವ ಹೆಚ್ಚಿತು. ಜಾಲರಿಯೇ ಆದರೂ ಎಲೆ, ಪಾಚಿ ಮೆತ್ತಿಕೊಂಡ ಎಸಳು ಗಾಳಿಗೆ ಹಾಯಿಯೇ.

ಎಸಳುಗಳು ಅಂಗಳಕ್ಕೆ ಇಳಿಯುತ್ತಿದ್ದಂತೆ ಬೇಲಿಯ ಆಚೆಯಿಂದ ಗಿರಾಕಿಗಳು ಹುಟ್ಟಿಕೊಂಡರು. ಮೇಲಿದ್ದಾಗ ತಿರುಗಿ ನೋಡದ ವಸ್ತು ಕೆಳಗಿಳಿದ ಕೂಡಲೇ ಊರಿಗೆಲ್ಲ ಬೇಕಾಯಿತು. ಗುಜರಿಯವರು ತಕ್ಕಡಿ ಸಮೇತ ಬಂದು, ಅಲ್ಯೂಮಿನಿಯಂ ಬೇರೆ, ಕಬ್ಬಿಣ ಬೇರೆ ಎಂದು ವಿಂಗಡಿಸತೊಡಗಿದರು. ಒಬ್ಬರಿಗೆ ಬಾವಿಗೆ ಮುಚ್ಚಲು ಬೇಕು. ಪಕ್ಕದ ಮನೆಯ ಅಕ್ಕ ನಾಲ್ಕು ಎಸಳು ತನ್ನ ಕೋಳಿಗೂಡಿಗೆ ಎಂದು ಆಗಲೇ ಎತ್ತಿ ಬೇಲಿಗೆ ಒರಗಿಸಿಬಿಟ್ಟಿದ್ದರು. ಗುಜರಿಯವರು ಮುಖ ಸಪ್ಪಗೆ ಮಾಡಿಕೊಂಡರು. ಆದರೆ ಇತಿಹಾಸ ಅಕ್ಕನ ಕಡೆಗಿತ್ತು. ಈ ದೇಶದ ಹಳ್ಳಿಗಳು ಉಪಗ್ರಹದ ಟಿವಿಯನ್ನು ಮೊದಲು ಕಂಡದ್ದೇ ಕೋಳಿಗೂಡಿನ ಜಾಲರಿಯಲ್ಲಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗಕ್ಕೆ ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಎರವಲು ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ 10 ಅಡಿಯ ಕೋಳಿಜಾಲರಿಯ ಡಿಶ್ ನಿಲ್ಲಿಸಿದ್ದರು. ನಮ್ಮಲ್ಲಿ ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಯ ಹಳ್ಳಿಗಳು ಅದರಲ್ಲಿದ್ದವು. ವರ್ಷ ಮುಗಿಯಿತು, ಉಪಗ್ರಹವನ್ನು ಅವರು ವಾಪಸ್ಸು ತೆಗೆದುಕೊಂಡರು.

ಆಕಾಶದಲ್ಲಾದರೆ ತೆರವಿಗೆ ಒಂದು ಪದ್ಧತಿಯಿದೆ. ಇನ್ಸ್ಯಾಟ್-4ಬಿ 2007ರಲ್ಲಿ ಹಾರಿ, 93.5 ಡಿಗ್ರಿಯಲ್ಲಿ ನಿಂತು ಟಿವಿ ಹಂಚಿತು. 2022ರ ಜನವರಿಯಲ್ಲಿ ಅದರ ಕೆಲಸ ಮುಗಿದಾಗ ಇಸ್ರೋದವರು ಉಳಿದ ಇಂಧನದಲ್ಲಿ ಅದನ್ನು ಸುಮಾರು 340 ಕಿಲೋಮೀಟರ್ ಮೇಲಕ್ಕೆ ತಳ್ಳಿ, ಜಾಗ ಖಾಲಿ ಮಾಡಿ, ಸ್ವಿಚ್ ಆರಿಸಿದರು. ನಮ್ಮ ಸಂವಹನ ಉಪಗ್ರಹಗಳನ್ನು ಕಾಯುವ ಹಾಸನದ ನಿಯಂತ್ರಣ ಕೇಂದ್ರ ಇಲ್ಲಿಂದ ಅರ್ಧ ದಿನದ ದಾರಿಯೂ ಅಲ್ಲ. ಮೇಲೆ ಇಷ್ಟೊಂದು ಅಚ್ಚುಕಟ್ಟು. ಕೆಳಗೆ ಕಂಪನಿ ಬದಲಾಯಿಸಿದಾಗ ಹೊಸ ತಟ್ಟೆ ಕೂರಿಸುವವರು ಹಳೆಯದನ್ನು ಮುಟ್ಟುವುದಿಲ್ಲ, ಪಕ್ಕದಲ್ಲಿ ಮತ್ತೆರಡು ತೂತು ಹೊಡೆಯುತ್ತಾರೆ. ಎಲ್ಲವನ್ನೂ ಒಟ್ಟಿಗೆ ಬಳಿಯುವುದು ಆ ಮನೆಯನ್ನು ಮುಂದೆ ಕೊಳ್ಳುವವರ ಪಾಲಿಗೆ.

ಕಂಬ ಅಷ್ಟು ಸುಲಭಕ್ಕೆ ಬರಲಿಲ್ಲ. ನಟ್ಟುಗಳಿಗೆ ಹಿಂದಿನ ರಾತ್ರಿಯೇ ಡೀಸೆಲ್ ಕುಡಿಸಿಟ್ಟಿದ್ದರೂ ಎರಡು ಮಾತ್ರ ತಿರುಗಿದವು, ಉಳಿದೆರಡನ್ನು ಕಟಿಂಗ್ ಮಷಿನ್ನಿಗೆ ಕೊಡಬೇಕಾಯಿತು. ಕಿಡಿ ಹಾರಿ ಜರಿಗಿಡ ಸುಟ್ಟ ವಾಸನೆ. ಹುಡುಗ ಸುತ್ತಿಗೆ ಎತ್ತಿ ಬೋಲ್ಟನ್ನು ಅಲ್ಲಾಡಿಸಲು ಹೋದ. ಅಷ್ಟರಲ್ಲಿ ಮೇಲೆ ಬಂದ ಗಾರೆ ಮೇಸ್ತ್ರಿ, "ಏ, ಬಿಡಾ ಮಾರಾಯ! ಸ್ಲ್ಯಾಬ್ ಒಡೀತದೆ" ಎಂದು ಕೂಗಿ ತಡೆದರು.

ಈ ಇಡೀ ಕೆಲಸದ ತಿರುಳು ಮೇಸ್ತ್ರಿಯ ಕೈಯಲ್ಲಿತ್ತು. ಬೋಲ್ಟನ್ನು ಕೀಳಬಾರದು, ಸುತ್ತ ಅಂಗೈಯಗಲ ಗಾರೆ ಕೆತ್ತಿ, ಕಾಂಕ್ರೀಟಿನ ಮಟ್ಟಕ್ಕಿಂತ ಕೆಳಗೆ ಕತ್ತರಿಸಿ, ಗುಂಡಿಯನ್ನು ಚೆನ್ನಾಗಿ ತೊಳೆದು, ಕುಗ್ಗದ ಗ್ರೌಟ್ ತುಂಬಬೇಕು. ಬರೀ ಸಿಮೆಂಟ್ ಮೆತ್ತಿದರೆ ಒಣಗುವಾಗ ಕೂದಲೆಳೆಯಷ್ಟು ಬಿಡುತ್ತದೆ, ಮಲೆನಾಡಿನ ಮಳೆಗೆ ಅಷ್ಟು ದಾರಿ ಧಾರಾಳ. ಅವರು ಕುಕ್ಕುರುಗಾಲಲ್ಲಿ ಕೂತು ಬ್ರಷ್ಷಿನಿಂದ ಧೂಳು ತೆಗೆಯುತ್ತಾ, "ಡಿಶ್ ಕೂರ್ಸೋರು ಅರ್ಧ ಗಂಟೇಲಿ ಹೋಗ್ತಾರೆ, ನೀರು ಹೋಗೋದಿಲ್ಲ" ಎಂದರು. ಮೆಕ್ಯಾನಿಕ್ ಆ ಕಡೆ ತಿರುಗಿ ಕೇಬಲ್ ಸುತ್ತತೊಡಗಿದರು. ಗ್ರೌಟ್ ಗಟ್ಟಿಯಾದ ಮೇಲೆ ಸುತ್ತ ಮಣ್ಣಿನ ಒಡ್ಡು ಕಟ್ಟಿ, ನೀರು ನಿಲ್ಲಿಸಿ, ಮಾರನೆಯ ದಿನ ಕೆಳಗಿನ ಮಾಡು ಒಣಗಿದ್ದರೆ ಮಾತ್ರ ಬಣ್ಣದ ಮಾತು. ಕಿಟಕಿಯ ತೂತುಗಳಿಗೆ ಸಿಲಿಕಾನ್ ಸಾಕಾಯಿತು.

ಸಣ್ಣ ತಟ್ಟೆಗಳಲ್ಲಿ ಎರಡು ಗಟ್ಟಿಯಿದ್ದವು. ಅಕ್ಕನ ಮನೆಯ ತಟ್ಟೆ ತೆಂಗಿನ ಗರಿ ಬಿದ್ದು ಸೊಟ್ಟಗಾಗಿತ್ತು, ತಿಂಗಳ ಚಂದಾ ಇಲ್ಲದ ಡಿಡಿ ಫ್ರೀ ಡಿಶ್ಶಿನ ಬಾಕ್ಸು ಮಾತ್ರ ಸುಮ್ಮನೆ ಕೂತಿತ್ತು. ಮೆಕ್ಯಾನಿಕ್ ನಮ್ಮ ಗೋಡೆಯಿಂದ ಬಿಚ್ಚಿದ ಒಂದನ್ನು ಹಾಗೇ ಕೊಂಡೊಯ್ದು ಅವರ ಮಾಡಿನ ಅಂಚಿಗೆ ಬಿಗಿದು, ಇನ್ಸ್ಯಾಟ್-4ಬಿ ಬಿಟ್ಟ ಅದೇ 93.5 ಡಿಗ್ರಿಗೆ ಈಗ ಜಿಸ್ಯಾಟ್-15 ಇರುವ ಕಡೆ ತಿರುಗಿಸತೊಡಗಿದರು.

"ಬಂತಾ?"

"ಸ್ಟ್ರೆಂತ್ ಉಂಟು, ಕ್ವಾಲಿಟಿ ಇಲ್ಲ!" ಒಳಗಿನಿಂದ ಅಕ್ಕನ ದನಿ.

"ಈಗ?"

"ಬಂತು... ಹೋಯ್ತು! ಆಗಿನ ಹಾಗೇ ಇಡಿ ಮಾರಾಯ್ರೇ, ಈಚೆ ತರಬೇಡಿ!"

ಕೂದಲೆಳೆಯಷ್ಟು ಪೂರ್ವಕ್ಕೆ ಸರಿಸಿದ ಮೇಲೆ ಚಂದನ ನಿಂತಿತು. ಅಕ್ಕ ಕಿಟಕಿಗೆ ಬಂದು ನಮ್ಮ ತಾರಸಿಯ ಕಡೆ ಕೈಮಾಡಿ, "ಆ ಇನ್ನೊಂದನ್ನ ಗುಜರಿಗೆ ಹಾಕ್ಬೇಡಿ, ನಮ್ಮ ತಂಗಿ ಮನೇದೂ ತುಕ್ಕು ಹಿಡಿದು ಕೂತಿದೆ" ಎಂದರು. ಗುಜರಿಯವರು ಅಷ್ಟರಲ್ಲಿ ಅದನ್ನು ತಕ್ಕಡಿಗೆ ಇಟ್ಟಾಗಿತ್ತು.